ಒಡೆದುಹೋಯ್ತು

ನನ್ನ ತಮ್ಮ ಅಮೃತ್‌ನ ಮನೆಗೆ ಬಂದವರೆಲ್ಲ ಗೋಡೆಯ ಮೇಲಿನ ಫೋಟೋಗಳನ್ನು ನೋಡಿ, ಎಷ್ಟು ಚೆನ್ನಾಗಿ ಜೋಡಿಸಿದ್ದೀರಿ ಎನ್ನುತ್ತಾರೆ. ಜೋಡಿಸಿದ್ದಲ್ಲ, ಮುಚ್ಚಿದ್ದು. ಒಂದೊಂದು ಫೋಟೋದ ಹಿಂದೆಯೂ ಅವನ ಮುಷ್ಟಿಯಷ್ಟು ದೊಡ್ಡ ತೂತಿದೆ. ಬೆಂಗಳೂರಿನ ಗೋಡೆಯಾಗಿದ್ದರೆ ಮೊದಲ ಗುದ್ದಿಗೇ ಕೈ ಮುರಿದು ಬುದ್ಧಿ ಬರುತ್ತಿತ್ತು. ಅಮೆರಿಕದ ಈ ಫೋರ್ಟ್ ಮಿಲ್‌ನ ಟೌನ್‌ಹೌಸ್ ಗೋಡೆಗಳು ಹಪ್ಪಳ, ಗುದ್ದಿದವನಿಗೆ ನೋವೇ ಆಗುವುದಿಲ್ಲ.

ಅವನ ಆಫೀಸು ಪಕ್ಕದ ನಗರ ಶಾರ್ಲೆಟ್‌ನಲ್ಲಿ. ಐ-77 ಹೆದ್ದಾರಿಯ ಟ್ರಾಫಿಕ್‌ನಲ್ಲಿ ಕುದ್ದು ಕುದ್ದು ಮನೆಗೆ ಬರುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು, ಏನಾದರೊಂದು ಹಾರುತ್ತಿತ್ತು. ಮಿಕ್ಸಿ ಜಾರು, ಮಗಳ ಟ್ಯಾಬ್ಲೆಟ್, ಮೈಕ್ರೋವೇವ್ ಬಾಗಿಲು. ಆಮೇಲೆ ತಲೆ ತಗ್ಗಿಸಿ ಒಂದೇ ಮಾತು: “ಒಡೆದುಹೋಯ್ತು.” ಒಡೆದೆ ಅಂತ ಅವನ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಮಿಕ್ಸಿ ಜಾರಿಗೆ ಜೀವ ಬೇಜಾರಾಗಿ ತಾನೇ ಗೋಡೆಗೆ ಹಾರಿತೇನೋ ಅನ್ನಬೇಕು! ನಮ್ಮ ಭಾಷೆಯೂ ಇಂಥವರಿಗೆ ಎಷ್ಟು ಅನುಕೂಲ ಮಾಡಿಕೊಟ್ಟಿದೆ ನೋಡಿ.

“ನಿನ್ನ ಮೇಲಂತೂ ಕೈ ಎತ್ತಿಲ್ಲವಲ್ಲ” ಎಂದು ಅವನ ಹೆಂಡತಿ ನಿಧಿಗೆ ಒಮ್ಮೆ ಸಮಾಧಾನ ಹೇಳಲು ಹೋದೆ.

“ಇನ್ನೂ ಎತ್ತಿಲ್ಲ ಅತ್ತಿಗೆ,” ಎಂದಳು. “ಇನ್ನೂ. ನಂಗೆ ಸಾರಿ ಗೀರಿ ಏನೂ ಬೇಡ. ಒಂದೇ ಒಂದ್ಸಲ ಒಡೆದೆ ಅಂತ ಹೇಳ್ಲಿ. ಮಾಡಿದ್ದು ನಾನು ಅಂತ ಒಪ್ಕೊಳ್ಳದೇ ಇರೋನು ಹೇಗೆ ನಿಲ್ಲಿಸ್ತಾನೆ?”

ಆ ಚಳಿಗಾಲದಲ್ಲಿ ಊಟದ ಕುರ್ಚಿಯನ್ನೇ ಎತ್ತಿ ಎಸೆದ. ಅದು ಏಳು ವರ್ಷದ ಅಮೂಲ್ಯಾಳ ಕಿವಿಯ ಪಕ್ಕದಲ್ಲೇ ಹೋಗಿ ಫ್ರಿಜ್ಜಿಗೆ ಬಡಿದು ಕಾಲು ಮುರಿದುಕೊಂಡಿತು. ನಿಧಿ ಕೂಗಾಡಲಿಲ್ಲ. “ಈ ಮನೇಲಿ ಇನ್ನೊಂದು ಸಾಮಾನು ಒಡೀಲಿ, ನಾನು ಅಮ್ಮುನ ಕರ್ಕೊಂಡು ಬೇರೆ ಅಪಾರ್ಟ್‌ಮೆಂಟಿಗೆ ಮೂವ್ ಆಗ್ತೀನಿ,” ಎಂದಳಷ್ಟೆ. ಅವಳು ಹೇಳಿದರೆ ಮಾಡುವವಳು. ಅಮೃತ್‌ಗೂ ಗೊತ್ತಿತ್ತು, ಆ ವಾರವೇ ಕೌನ್ಸೆಲರ್ ಒಬ್ಬರ ಹತ್ತಿರ ಹೋದ.

ಕೋಪ ಇಳಿಸಲು ನಿಧಾನದ ಕೆಲಸವೊಂದು ಹಿಡಿ ಎಂದು ಕೌನ್ಸೆಲರ್ ಹೇಳಿದರಂತೆ. ಇವನು ಹಿಡಿದದ್ದು ಮನೆಯಲ್ಲೇ ಬಿಯರ್ ಮಾಡುವುದನ್ನು. ಡಬ್ಬಿಯಲ್ಲಿ ಬರುವ ಪಾಕ ಕಲಸುವುದಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳಿನಿಂದಲೇ ಶುರು, ಆಲ್ ಗ್ರೇನ್. ಇಡೀ ದಿನದ ಕೆಲಸ, ಅವಸರಿಸಿದರೆ ಕೆಟ್ಟಿತು. ನಿಧಿ ಹೂಂ ಎಂದಳು. ಸಾಮಾನು ಆರಿಸುವುದಕ್ಕೆ ನಾನು ಜೊತೆಗೆ ಹೊರಟೆ. ನನ್ನದು ಒಂದೇ ಪರೀಕ್ಷೆ, ಎಸೆದರೆ ಒಡೆಯಬಾರದು.

ಅಂಗಡಿಯವನು ಹುದುಗಿಸಲು ದೊಡ್ಡ ಗಾಜಿನ ಬುಡ್ಡಿ ತೋರಿಸಿದ. “ಮುಚ್ಚಿಡಪ್ಪಾ” ಎಂದು ಕನ್ನಡದಲ್ಲೇ ಬೈದು ಪ್ಲಾಸ್ಟಿಕ್ ಬಕೆಟ್ ಎತ್ತಿಕೊಂಡೆ. ಹೊಳೆಯುವ ಸ್ಟೀಲಿನ ದೊಡ್ಡ ಪಾತ್ರೆಗಳ ಬೆಲೆ ಕೇಳಿ ಹೊರಬಂದೆವು. ಇಲ್ಲಿಯವರು ಥ್ಯಾಂಕ್ಸ್‌ಗಿವಿಂಗ್‌ಗೆ ಇಡೀ ಟರ್ಕಿ ಕರಿಯುತ್ತಾರಲ್ಲ, ಆ ಅಲ್ಯುಮಿನಿಯಂ ಹಂಡೆ ಗ್ಯಾಸ್ ಒಲೆಯ ಸಮೇತ ಯಾರದೋ ಮನೆಯ ಹಳೇ ಸಾಮಾನಿನ ಗರಾಜ್ ಸೇಲಿನಲ್ಲಿ ಅಗ್ಗಕ್ಕೆ ಸಿಕ್ಕಿತು. ಕಾಳು ಬಿಸಿನೀರಲ್ಲಿ ನೆನೆಯುವಾಗ ಶಾಖ ಹೋಗದಿರಲು ಪಿಕ್ನಿಕ್ಕಿನ ಐಸ್ ಪೆಟ್ಟಿಗೆ ಸಾಕು, ತಂಪು ಹಿಡಿದಿಡುವುದು ಬಿಸಿಯನ್ನೂ ಹಿಡಿದಿಡುತ್ತದೆ. ಸೋಸಲು ಅಪ್ಪನ ಹಳೇ ಪಂಚೆಯಲ್ಲಿ ನಾನೇ ಚೀಲ ಹೊಲಿದುಕೊಟ್ಟೆ.

ಜಗಳ ಎದ್ದದ್ದು ಎರಡಕ್ಕೆ. ಹುದುಗುವುದು ಮುಗಿಯಿತೇ ಎಂದು ಅಳೆಯುವ ಗಾಜಿನ ಕಡ್ಡಿಯೊಂದು ಬರುತ್ತದೆ, ಚಿಲ್ಲರೆ ಬೆಲೆ. “ಅಮ್ಮ ದೋಸೆ ಹಿಟ್ಟಿಗೆ ಮೀಟರ್ ಇಟ್ಕೊಂಡಿದ್ಲಾ? ಮೂಗಲ್ಲೇ ಗೊತ್ತಾಗುತ್ತೆ ಬಿಡಕ್ಕ,” ಎಂದು ಅದನ್ನು ವಾಪಸಿಟ್ಟ. ಪ್ಲಾಸ್ಟಿಕ್ ಬಾಟಲಿ ತಗೋ ಎಂದು ಬಡಿದುಕೊಂಡೆ. ಪಕ್ಕದ ಮನೆಯವರ ರೀಸೈಕಲ್ ಡಬ್ಬದಲ್ಲಿ ಗಾಜಿನವು ಪುಕ್ಕಟೆ ಸಿಗುತ್ತವಂತೆ! ತೆಳು ಗಾಜಿನವು, ತಿರುಗಿಸಿ ತೆಗೆಯುವ ಮುಚ್ಚಳದವು. ಜಿಪುಣ ನನ್ಮಗ.

ಆದರೂ ಬಿಯರ್ ಮಾಡಿದ ದಿನ ಅವನನ್ನು ನೋಡಬೇಕಿತ್ತು. ಥರ್ಮಾಮೀಟರ್ ಹಿಡಿದು ಐಸ್ ಪೆಟ್ಟಿಗೆಯ ಪಕ್ಕ ಕೂತವನು ಕೂತೇ ಇದ್ದ. ಹಿತ್ತಿಲಲ್ಲೆಲ್ಲ ಗಂಜಿಯ ಘಮ. ಅಮೂಲ್ಯಾ ಪಂಚೆಯಿಂದ ತೊಟ್ಟಿಕ್ಕುವ ಸಿಹಿನೀರಿಗೆ ಬೆರಳೊಡ್ಡಿ ನೆಕ್ಕಿ, “ಅಪ್ಪ, ಇದು ಪಾಯಸ!” ಎಂದಳು. ನಿಧಿ ನಕ್ಕಳು. ದೇವರೇ ಹೀಗೇ ಇರಲಿ ಎಂದುಕೊಂಡೆ.

ಬಕೆಟ್ಟಿನಲ್ಲಿ ಗುಳ್ಳೆ ಏಳುವುದು ಕಡಿಮೆಯಾದದ್ದೇ ಮೂಸಿ, ಹದ ಬಂತು ಎಂದು ತೀರ್ಮಾನಿಸಿದ. ಬುರುಗು ಬರಲೆಂದು ಬಾಟಲಿಗೊಂದು ಬೆಲ್ಲದ ಚೂರು, ಕಣ್ಣಳತೆಯಲ್ಲಿ. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಮೆಟ್ಟಿಲ ಕೆಳಗಿನ ಸಾಮಾನು ತುಂಬುವ ಕ್ಲಾಸೆಟ್‌ನಲ್ಲಿಟ್ಟ. ಜುಲೈ ತಿಂಗಳು, ಒಳಗೆ ಬೇಯುತ್ತಿತ್ತು.

ಭಾನುವಾರ ಊಟಕ್ಕೆ ಹೋದವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಢಂ ಎಂದಿತು. ಹಿಂದೆಯೇ ಗಾಜು ಚೂರಾಗಿ ಸುರಿದ ಸದ್ದು, ಅಮೃತ್‌ನ ಕೂಗು. ಒಳಗೆ ಓಡಿದೆ. ತೆರೆದ ಕ್ಲಾಸೆಟ್ ಮುಂದೆ ಅವನು ನಿಂತಿದ್ದ. ನೆಲವೆಲ್ಲ ನೊರೆ, ಗಾಜು. ಮೊಣಕೈ ಕೆಳಗೆ ಚೂರೊಂದು ನೆಟ್ಟು ರಕ್ತ ಸುರಿಯುತ್ತಿತ್ತು. ಮೇಲಿನಿಂದ ಬಟ್ಟೆ ಮಡಚುವುದು ಬಿಟ್ಟು ಓಡಿಬಂದ ನಿಧಿ ಮೆಟ್ಟಿಲಲ್ಲೇ ನಿಂತುಬಿಟ್ಟಳು.

“ಏನ್ ಮಾಡ್ದೆ ಅಮೃತ್?”

“ಒಡೆದುಹೋಯ್ತು.”

ನನ್ನ ಮೈಯೆಲ್ಲ ಉರಿದುಹೋಯಿತು. ಮತ್ತೆ ಅದೇ ಮಾತು! ಅವನ ಕೆನ್ನೆಗೆ ಬಾರಿಸಿದೆ. “ಹೆಂಡ್ತಿ ಮಗು ಕಳ್ಕೊಳ್ತಾ ಇದೀಯಲ್ಲೋ ಪಾಪಿ, ಈಗ್ಲಾದ್ರೂ ಒಡೆದೆ ಅನ್ನೋ!” ಎಂದು ಇನ್ನೊಂದಕ್ಕೆ ಕೈ ಎತ್ತಿದ್ದೆ. ಆಗ ಕ್ಲಾಸೆಟ್‌ನೊಳಗೆ ಯಾರೂ ಮುಟ್ಟದೆ, ಒಳಗೆ ತುಂಬಿದ ಗ್ಯಾಸಿನ ಒತ್ತಡಕ್ಕೇ ಇನ್ನೊಂದು ಬಾಟಲಿ ಸಿಡಿಯಿತು. ಅದರ ಏಟಿಗೆ ಪಕ್ಕದ್ದು. ಪೆಟ್ಟಿಗೆ ಹರಿದು ಒಂದು ಬಾಟಲಿಯ ಕತ್ತು ಹಾರಿಬಂದು ನನ್ನ ತಲೆಯ ಮೇಲೆ ಗೋಡೆಗೆ ನೆಟ್ಟುಕೊಂಡಿತು. ಅವನು ನನ್ನನ್ನು ನೂಕಿ ಕ್ಲಾಸೆಟ್ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತ. ಒಳಗೆ ಒಂದೊಂದೇ ಸಿಡಿಯುತ್ತಿದ್ದವು.

“ನೋಡಿದ್ಯಾ ನಿಧಿ? ನಾನಲ್ಲ! ಆಣೆಗೂ ನಾನಲ್ಲ!” ಅವನು ಅಳುತ್ತಲೇ ನಗುತ್ತಿದ್ದ. ಹೊಡೆದ ನನ್ನ ಕೈ ಚುರುಗುಡುತ್ತಿತ್ತು.

“ಸರಿ, ನೀನಲ್ಲ,” ಎಂದಳು ನಿಧಿ. ಸುತ್ತ ನೋಡಿದಳು. “ಅಮ್ಮು ಎಲ್ಲಿ?”

ಮೇಲಿನ ಬಾತ್‌ರೂಮಿಗೆ ಒಳಗಿನಿಂದ ಚಿಲಕ. ಎಷ್ಟು ಕರೆದರೂ ಉತ್ತರವಿಲ್ಲ. ಹೊರಗಿನ ಹಿಡಿಯಲ್ಲಿದ್ದ ತೂತಿಗೆ ಹೇರ್‌ಪಿನ್ ಹಾಕಿ ತೆಗೆದೆವು. ಒಣ ಟಬ್ಬಿನಲ್ಲಿ ಮಗು ಮಂಡಿ ಮಡಚಿ ಮಲಗಿತ್ತು, ಕಿವಿಗೆ ಹೆಡ್‌ಫೋನ್, ಕಣ್ಣು ಬಿಗಿ ಮುಚ್ಚಿತ್ತು. ತಲೆಯಡಿ ದಿಂಬು, ಪಕ್ಕದಲ್ಲಿ ನೀರಿನ ಬಾಟಲಿ, ಅರ್ಧ ಖಾಲಿಯಾದ ಬಿಸ್ಕತ್ತಿನ ಪೊಟ್ಟಣ. ನಾನು ಮುಟ್ಟಿದಾಗ ಕಣ್ಣು ತೆರೆಯದೆಯೇ ಕೇಳಿದಳು, “ಅತ್ತೆ, ಈಸ್ ಅಪ್ಪ ಡನ್?”

“ಇಲ್ಲಿಗೆ ಯಾಕ್ ಬಂದೆ ಪುಟ್ಟಾ?” ನಿಧಿ ಟಬ್ಬಿನ ಪಕ್ಕ ಮಂಡಿಯೂರಿದಳು.

“ನಾನು ಯಾವಾಗ್ಲೂ ಬರ್ತೀನಿ. ಸೌಂಡ್ ಬಂದ್ರೆ.”

ಹೆತ್ತವಳಿಗೇ ಗೊತ್ತಿರಲಿಲ್ಲ.

ಅಮೃತ್ ಬಾಗಿಲಲ್ಲಿ ನಿಂತಿದ್ದ, ಬಿಳಿ ಟೈಲ್ಸ್ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. “ಅಪ್ಪ ಅಲ್ಲ ಕಂದಾ, ಬಾಟ್ಲಿ ತಾನೇ...” ಎಂದು ಶುರು ಮಾಡಿದ. ದಿಂಬು ನೋಡಿದ, ಬಿಸ್ಕತ್ತು ನೋಡಿದ. ಅಲ್ಲೇ ಕುಸಿದು ಕೂತ.

“ನಾನೇ ಒಡೆದೆ,” ಎಂದ. “ಮಿಕ್ಸಿ, ಟ್ಯಾಬ್ಲೆಟ್, ಕುರ್ಚಿ. ಎಲ್ಲಾ ನಾನೇ ಒಡೆದೆ, ನಿಧಿ.”

ಅವಳು ಅವನ ಕೈಗೆ ಟವೆಲ್ ಸುತ್ತಿ ಬಿಗಿಯಾಗಿ ಕಟ್ಟಿದಳು. ಗಂಟು ಹಾಕುವಾಗ ಅಳುತ್ತಿದ್ದಳು. ಹೊಲಿಗೆ ಹಾಕಿಸಲು ಅವನನ್ನು ನಾನು ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಸೂಟ್‌ಕೇಸ್ ತುಂಬಿತ್ತು. ಅವನು ತಡೆಯಲಿಲ್ಲ. ಒಂದೇ ಕೈಯಲ್ಲಿ ಅದನ್ನು ಕಾರಿನವರೆಗೆ ಎಳೆದು ಡಿಕ್ಕಿಗೆ ಹಾಕಿದ.

ಅಮೂಲ್ಯಾ ದಿಂಬನ್ನು ಅಪ್ಪಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. “ಅಮ್ಮ, ನಾವ್ ಹೋಗೋ ಮನೇಲಿ ಟಬ್ ಇದ್ಯಾ?”

ಅಮೃತ್ ಬಗ್ಗಿ ಮಗಳ ಸೀಟ್‌ಬೆಲ್ಟ್ ಹಾಕಿದ.

“ಅಲ್ಲಿ ಬೇಕಾಗಲ್ಲ ಕಂದಾ,” ಎಂದ. “ಅಲ್ಲಿ ನಾನಿರಲ್ಲ.”