ಸಂಚಿಯೊಳಗಿನ ಯಂತ್ರ: ನಾವುಂದದಿಂದ ಬ್ರಹ್ಮಾವರಕ್ಕೆ

ನಾವುಂದದಲ್ಲಿ ಬೆಳಿಗ್ಗೆ ಸರ್ಕಾರಿ ಬಸ್ಸಿಗೆ ಕಾದೆ. ಅದರಲ್ಲಿ ಹೆಂಗಸರು ದುಡ್ಡು ಕೊಡುವುದು ಬೇಡ. ಆದರೆ ಬಸ್ಸು ಬರಬೇಕಲ್ಲ. ಬಿಸಿಲೇರಿದ ಮೇಲೆ ಖಾಸಗಿ ಬಸ್ಸು ಹತ್ತಿದೆ.

ಎಡಗೈಯಲ್ಲಿ ವಾಚಿನಂಥ ಒಂದು ಪಟ್ಟಿ ಇತ್ತು. ಅದು ಗಂಟೆ ತೋರಿಸುವುದಿಲ್ಲ. ನಾನು ಬಿದ್ದರೆ ಕೂಗುತ್ತದೆ, ಸೊಸೆ ಶಕುಂತಲೆಯ ಫೋನಿಗೆ ಕರೆ ಮಾಡುತ್ತದೆ. ಹೋದ ವರ್ಷ ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕುವಾಗ ಕಾಲು ಉಳುಕಿ ಬಿದ್ದಿದ್ದೆ. ದೋಣಿಯವರು ಕಾಣುವವರೆಗೆ ಕೆಸರಿನಲ್ಲೇ ಇದ್ದೆ. ಆಮೇಲೆ ಅವಳು ಇದನ್ನು ತಂದಳು. ಇದು ಕೈಯಲ್ಲಿದ್ದರೆ ಹೊಳೆ, ಇಲ್ಲದಿದ್ದರೆ ಮನೆ ಎಂದಳು. ಮನೆಯಲ್ಲಿ ಕೂರುವುದು ನನ್ನಿಂದಾಗದು. ಕಟ್ಟಿಕೊಂಡೆ.

ಚಿಪ್ಪು ಹೆಕ್ಕುವಾಗ ಕುಕ್ಕರಗಾಲಿನಲ್ಲಿ ಕೂತು, ಮರಳಿಗೆ ಕೈ ಹಾಕಿ ಕೆದಕಿ, ಬುಟ್ಟಿಗೆ ಎಸೆಯಬೇಕು. ಕೈ ಬೀಸಿದಾಗೆಲ್ಲ ಪಟ್ಟಿಗೆ ನಾನು ಬಿದ್ದ ಹಾಗೆ; ಕರೆ ಹೋಗುತ್ತದೆ. ಪಟ್ಟಿಯೊಳಗಿಂದ ಸೊಸೆ ಕೂಗಿದರೂ ಕೈ ನೀರಿನೊಳಗೆ, ನನಗೆ ಕೇಳಿಸದು. ಶಕುಂತಲೆ ಗೇರುಬೀಜದ ಫ್ಯಾಕ್ಟರಿಯಿಂದ ಕೆಲಸ ಬಿಟ್ಟು ಓಡಿ ಬರುವಳು. ನಾನು ನೀರಿನಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿರುವೆ. ಮೊನ್ನೆ ಹೇಳಿದಳು: "ಅತ್ತೆ, ಇನ್ನೊಂದ್ ಸಲ ಸುಮ್ನೆ ನನ್ನ ಓಡ್ಸಿರೆ ನಿಮ್ ಹೊಳಿ ಮುಗೀತ್ ಕಾಣಿ." ಹೇಳಿದರೆ ಮಾಡುವವಳು. ಪಟ್ಟಿ ಮಾಡಿದವಳು ಬ್ರಹ್ಮಾವರದಲ್ಲಿದ್ದಾಳೆ. ಸರಿಮಾಡಿಸಲು ಹೊರಟೆ.

ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಹೊಳೆ. ಜನ ಕಾರು ನಿಲ್ಲಿಸಿ ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಯುತ್ತಿದ್ದರು. ನಾನು ಹೊಳೆಯ ಕಡೆ ನೋಡಿದೆ. ನೀರು ಇಳಿಯತೊಡಗಿತ್ತು. ಚಿಪ್ಪಿಗೆ ಒಳ್ಳೆಯ ದಿನ, ನಾನು ಬಸ್ಸಿನಲ್ಲಿ.

ಕುಂದಾಪುರದಲ್ಲಿ ಇಳಿದು ಚಾ ಕುಡಿದು ಬನ್ಸ್ ತಿಂದೆ. ಬನ್ಸ್ ನಿನ್ನೆಯದು. ಬ್ರಹ್ಮಾವರದ ಬಸ್ಸು ಹತ್ತಿ ಕೂರುವ ಮೊದಲೇ ಅದು ಹೊರಟಿತು. ದೊಪ್ಪನೆ ಸೀಟಿಗೆ ಬಿದ್ದೆ. ಪಟ್ಟಿ ಕೂಗಿತು. ಪಕ್ಕದವಳು ಎದ್ದು ನಿಂತಳು.

"ಎಂತ ಅಮ್ಮ, ಬಾಂಬಾ?" ಎಂದ ಕಂಡಕ್ಟರ್.

ಅಷ್ಟರಲ್ಲಿ ಪಟ್ಟಿಯೊಳಗಿಂದ ಶಕುಂತಲೆಯ ದನಿ ಬಂತು: "ಅತ್ತೆ, ಬಿದ್ರಿಯಾ?"

"ಬಾಂಬಲ್ಲ, ಸೊಸಿ" ಎಂದೆ ಅವನಿಗೆ. ಇವಳಿಗೆ, "ಬಿದ್ದದ್ದಲ್ಲ, ಕೂಕಂಡದ್ದ್" ಎಂದೆ.

"ಹೊಳಿಯೊಳಗೆ ಅಲ್ಲ ಅಂದೇಳಿ ಈ ಸಲ ಬಿಟ್ಟೆ. ಸರಿ ಮಾಡ್ಸ್ಕಂಡೇ ಬನ್ನಿ."

ಬಸ್ಸೆಲ್ಲ ನಕ್ಕಿತು. ಕೋಟೇಶ್ವರ ದಾಟುವವರೆಗೂ ನಗುತ್ತಲೇ ಇದ್ದರು.

ಬ್ರಹ್ಮಾವರದಲ್ಲಿ ಅಂಗಡಿಯೊಂದರ ಮಾಳಿಗೆಯ ಮೇಲೆ ನಿವೇದಿತಾ ಎಂಬ ಹುಡುಗಿಯ ಕೋಣೆ. ಮೇಜಿನ ತುಂಬ ವಯರು. ಹೊಳೆಯಲ್ಲಿ ಏನೇನು ಮಾಡುತ್ತೇನೆಂದು ಕೇಳಿದಳು. ನೆಲದ ಮೇಲೆ ಕೂತು ಮಾಡಿ ತೋರಿಸಿದೆ. ಪಟ್ಟಿ ಕೂಗಿತು.

"ಮನಿಯೊಳಗೆ ತಿರ್ಗುವವ್ರಿಗೆ ಅಂದೇಳಿ ಮಾಡದ್ದ್ ಅಜ್ಜಿ ಇದ್" ಎಂದಳು. "ಕೈಯಲ್ಲೇ ಕೆಲ್ಸ ಮಾಡುವವ್ರಿಗೆ ಕೈಗೆ ಕಟ್ರೆ ಆತಿಲ್ಲೆ."

ಅವಳು ಯೋಚಿಸುತ್ತಿದ್ದಳು. ನಾನು ಸೊಂಟದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದೆ. ಅವಳ ಕಣ್ಣು ಸಂಚಿಯ ಮೇಲೆ ನಿಂತಿತು.

"ಇದನ್ನ್ ಹೊಳಿಗೂ ತಕಂಡ್ ಹೋತ್ರಿಯಾ?"

"ಮತ್ತೆ? ಬಾಯಂಗೆ ಎಲಿ ಇಲ್ದಿರೆ ಕೈ ಓಡೂದಿಲ್ಲ."

"ಒದ್ದಿ ಆತಿಲ್ಯಾ?"

"ಪ್ಲಾಸ್ಟಿಕ್ ಸುತ್ತಿ ಇಡ್ತೆ."

ಅವಳು ಪಟ್ಟಿ ಕತ್ತರಿಸಿ ಬಿಸಾಡಿದಳು. ಉಳಿದ ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಏನೋ ಬದಲಿಸಿದಳು. ಕರೆ ಸದ್ಯಕ್ಕೆ ತನ್ನ ಫೋನಿಗೇ ಬರುವಂತೆ ಮಾಡಿ, ಡಬ್ಬಿಯನ್ನು ಅಡಿಕೆಯ ಪಕ್ಕ ಇಟ್ಟು, ಸಂಚಿಯನ್ನು ನನ್ನ ಸೊಂಟಕ್ಕೆ ಕಟ್ಟಿದಳು. ಕೂತೆ, ಎದ್ದೆ, ಕೈ ಬೀಸಿದೆ. ಸದ್ದಿಲ್ಲ. ನೆಲಕ್ಕೆ ಹಾಸಿಗೆ ಹಾಕಿ, "ಈಗ ಬೀಳಿ ಅಜ್ಜಿ" ಎಂದಳು.

"ಮೊದ್ಲ್ ನೀ ಬೀಳ್ ಕಾಂಬ."

ಬಿದ್ದಳು. ಚೆನ್ನಾಗಿಯೇ ಬಿದ್ದಳು. ಆಮೇಲೆ ನಾನೂ ಬಿದ್ದೆ. ಸಂಚಿ ಸೊಂಟದಲ್ಲಿ ನಡುಗಿತು, ಅವಳ ಫೋನು ಹೊಡೆದುಕೊಂಡಿತು. ಬಿದ್ದಿಲ್ಲದಿದ್ದರೆ, ನಡುಗುವಾಗಲೇ ಒಮ್ಮೆ ಒತ್ತಿದರೆ ಕರೆ ಹೋಗುವುದಿಲ್ಲವಂತೆ.

ಕರೆಯನ್ನು ಮತ್ತೆ ಶಕುಂತಲೆಯ ಫೋನಿಗೆ ತಿರುಗಿಸಿ ಕೊಟ್ಟಳು. "ಹೊಳಿಯೊಳಗೆ ಎಂತ ಆತ್ತ್ ನಂಗೂ ಗೊತ್ತಿಲ್ಲೆ. ಇಳ್ದೇ ಕಾಣ್ಬೇಕ್" ಎಂದಳು. ಸುಳ್ಳು ಹೇಳುವ ಹುಡುಗಿಯಲ್ಲ.

ವಾಪಸು ಬರುವಾಗ ಬಸ್ಸು ಹಂಪುಗಳ ಮೇಲೆ ಎತ್ತಿ ಎತ್ತಿ ಹಾಕಿತು. ಸಂಚಿಯ ಮೇಲೆ ಕೈಯಿಟ್ಟೇ ಕೂತಿದ್ದೆ. ನಡುಗಲಿಲ್ಲ.

ನಾವುಂದದಲ್ಲಿ ಶಕುಂತಲೆ ನಿಂತಿದ್ದಳು, ಫ್ಯಾಕ್ಟರಿಯಿಂದ ನೇರ ಬಂದವಳು. ನನ್ನ ಬರಿಗೈ ನೋಡಿದಳು. ಸಂಚಿ ತೋರಿಸಿದೆ. ನಂಬಲಿಲ್ಲ. "ನನ್ನ ಕಣ್ಣೆದ್ರೇ ಹೊಳಿಗೆ ಇಳ್ದ್ ತೋರ್ಸಿ" ಎಂದಳು.

ಇಳಿದೆ. ಮನೆಯಿಂದ ತಂದ ಸಣ್ಣ ಬುಟ್ಟಿ ಪಕ್ಕದಲ್ಲಿತ್ತು. ಕುಕ್ಕರಗಾಲಿನಲ್ಲಿ ಕೂತು ಕೆದಕಿದೆ, ಎಸೆದೆ, ಕೆದಕಿದೆ. ಶಕುಂತಲೆ ದಡದಲ್ಲಿ ಫೋನನ್ನೇ ನೋಡುತ್ತ ನಿಂತಿದ್ದಳು. ಬುಟ್ಟಿ ತುಂಬಿತು. ಫೋನು ಸುಮ್ಮನಿತ್ತು. ನೀರು ಏರತೊಡಗಿದ ಮೇಲೆ ಎದ್ದು ಬಂದೆ.

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಬಗ್ಗಿ ಬುಟ್ಟಿ ಅಲುಗಾಡಿಸಿ ನೋಡಿದಳು.

"ಇದ್ ಸಾರಿಗೆ ಸಾಕಾತಿಲ್ಲೆ" ಎಂದಳು. "ನಾಳೆ ನೀವ್ ದೊಡ್ಡ್ ಬುಟ್ಟಿ ತಕಂಡ್ ಹೋಯ್ನಿ."