ರೋಮದ ಬದಿ

ಕುಂದಾಪುರದ ಕಾಲೇಜಿನಿಂದ ರಿಟೈರ್ ಆದ ಮೇಲೆ ನನ್ನನ್ನು ಮುಟ್ಟುವವರು ಯಾರೂ ಇರಲಿಲ್ಲ. ದೂರಲಿಕ್ಕೆ ಹೇಳುತ್ತಿಲ್ಲ, ಮದುವೆಯಾಗದೆ ಮುದುಕಿಯಾದವಳ ಕೈ ಹಿಡಿಯಲು ಯಾರಿಗೂ ಕಾರಣ ಇರುವುದಿಲ್ಲ, ಅಷ್ಟೆ. ಬಸ್ಸಿನಲ್ಲಿ ಟಿಕೆಟ್ ಕೊಡುವಾಗ ಕಂಡಕ್ಟರನ ಬೆರಳು ತಾಗಿದರೆ ತಾಗಿತು.

ಪ್ರತಿ ಶನಿವಾರ ಬೀಜಾಡಿಯ ಮನೆಯಿಂದ ಬ್ರಹ್ಮಾವರಕ್ಕೆ ಹೋಗುತ್ತಿದ್ದೆ. ಅಲ್ಲಿಯ ಹಳೆಯ ಇಗರ್ಜಿಯೊಂದರ ಕಪಾಟಿನಲ್ಲಿ ಸುರಿಯಾನಿ ಭಾಷೆಯ ಕೈಬರಹದ ಸುವಾರ್ತೆ ಇತ್ತು. ಹಾಳೆಗಳು ಚರ್ಮದವು, ಪಾರ್ಚ್‌ಮೆಂಟ್. ಸುರಿಯಾನಿಯ ಒಂದಕ್ಷರವೂ ನನಗೆ ಬಾರದು. ಗೆರೆ ಎಳೆಯಲು ಚುಚ್ಚಿದ ತೂತು, ಮೇಣದ ಹನಿ, ಹೊಲಿಗೆಯ ನೂಲು, ಇವನ್ನು ನೋಡುತ್ತಾ ಕೂರುತ್ತಿದ್ದೆ.

ಇಗರ್ಜಿ ಗುಡಿಸುವ ಹೆಂಗಸಿಗೆ ಇದೊಂದು ತಮಾಷೆ.

"ಹ್ವಾಯ್ ಟೀಚ್ರೇ, ಓದುಕೆ ಬಾರದ್ ಪುಸ್ತಕ ಎಂತಕೆ ಅಷ್ಟೊತ್ತ್ ಕಾಣ್ತ್ರಿ?"

"ಚರ್ಮ ಕಾಣ್ತೆ. ಆಡಿನ್ ಚರ್ಮ ಇಪ್ಪುಕ್ ಸಾಕ್."

"ಹಂಗಾರೆ ಕೈ ತೊಳ್ಕಂಡ್ ಉಣ್ಣಿ ಮರಾಯ್ರೆ."

ಹಾಳೆಯ ಒಂದು ಬದಿಯಲ್ಲಿ ರೋಮ ಇದ್ದ ಜಾಗದ ಸಣ್ಣ ಚುಕ್ಕಿಗಳು. ಇನ್ನೊಂದು ಬದಿ, ಮಾಂಸಕ್ಕೆ ಅಂಟಿದ್ದದ್ದು, ಬೆಳ್ಳಗೆ ನುಣುಪು. ರೋಮದ ಬದಿಗೆ ಎದುರು ಪುಟದಲ್ಲೂ ರೋಮದ ಬದಿಯೇ ಬರುವಂತೆ ಮಡಚಿದ್ದರು. ಆ ಚುಕ್ಕಿಗಳ ಮೇಲೆ ಬೆರಳಿಟ್ಟರೆ, ಮಳೆಗಾಲದಲ್ಲಂತೂ, ಚರ್ಮ ತೇವ ಕುಡಿದು ಮೆತ್ತಗೆ ಉಬ್ಬಿರುತ್ತಿತ್ತು. ಶನಿವಾರದ ಆ ಒಂದು ಗಂಟೆ ನನಗೆ ಬೇಕಿತ್ತು.

ಹಬ್ಬದ ದಿನ ಆ ಪುಸ್ತಕವನ್ನು ತೆರೆದು ಹಿಡಿಯುತ್ತಿದ್ದರು. ಹೆಂಗಸರು ಸಾಲಾಗಿ ಬಂದು ಹಣೆ ಇಟ್ಟು ಮುತ್ತು ಕೊಡುವರು. ಮಿಂದು, ತಲೆಗೆ ತೆಂಗಿನೆಣ್ಣೆ ಹಚ್ಚಿಕೊಂಡೇ ಬರುವುದು ಮರ್ಯಾದೆ. ಎಷ್ಟೋ ತಲೆಮಾರಿನ ಆ ಎಣ್ಣೆ ಒಂದೇ ಪುಟದಲ್ಲಿ ಕಂದು ಬಣ್ಣದ ವೃತ್ತವಾಗಿತ್ತು.

ಹೊಸದಾಗಿ ಬಂದ ಪಾದ್ರಿ ಒಮ್ಮೆ ಕೇಳಿದರು: "ಟೀಚರ್, ಇದನ್ನು ನಿಮ್ಮಷ್ಟು ನೋಡಿದವರಿಲ್ಲ. ನಿಜ ಹೇಳಿ, ಮುಟ್ಟಿದರೆ ಹಾಳಾಗುತ್ತದಾ?"

ಇಲ್ಲ ಎನ್ನಬಹುದಿತ್ತು. ಆ ವೃತ್ತದೊಳಗೆ ಮಸಿ ಪುಡಿಯಾಗಿ ಉದುರುತ್ತಿದ್ದುದನ್ನು ನಾನೇ ಭೂತಗನ್ನಡಿಯಲ್ಲಿ ಕಂಡಿದ್ದೆ.

"ಹೌದು ಫಾದರ್," ಎಂದೆ.

ಮುಂದಿನ ಹಬ್ಬಕ್ಕೆ ಗಾಜಿನ ಪೆಟ್ಟಿಗೆ ಬಂತು. ಬೀಗ ಎಲ್ಲರಿಗೂ ಒಂದೇ, ನನಗೂ. ಹೆಂಗಸರು ಗಾಜಿಗೇ ಹಣೆ ಇಟ್ಟರು. ಮರುದಿನ ನಾನು ಹೋದಾಗ ಗುಡಿಸುವವಳು ಅದರ ಮೇಲಿನ ಎಣ್ಣೆಯನ್ನು ಹಳೆ ಪೇಪರಿನಲ್ಲಿ ಉಜ್ಜುತ್ತಿದ್ದಳು. ತೆರೆದಿಟ್ಟದ್ದು ನುಣುಪಿನ ಬದಿ. ಚುಕ್ಕಿಗಳೆಲ್ಲ ಹಾಳೆಯ ಕೆಳಬದಿಗೆ ಹೋಗಿದ್ದವು.

"ಈಗ್ಳೂ ಕಾಂಬುಕ್ ಆತ್ತಲ್ದಾ ಟೀಚ್ರೇ?" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಆತ್ತ್," ಎಂದೆ. ಕೈ ಎಲ್ಲಿಡುವುದೆಂದು ತಿಳಿಯದೆ ಬ್ಯಾಗಿನ ಪಟ್ಟಿ ಹಿಡಿದುಕೊಂಡೆ.