ಕಣ್ಣು ಬರೆದ ಮೇಲೆ

ಬೆರಳ ಗಂಟಿನಿಂದ ಒಮ್ಮೆ ತಟ್ಟಿದರೆ ಸಾಕು, ಒಳಗೆ ತುಂಬಿದೆಯೋ ಪೊಳ್ಳೋ ಎಂದು ಕಮಲಾವತಿ ಹೇಳಿಬಿಡುತ್ತಿದ್ದಳು. ಹಲಸಿನ ಹಣ್ಣಾಗಲಿ, ತೆಂಗಿನಕಾಯಿಯಾಗಲಿ, ಸಂತೆಯ ಮಣ್ಣಿನ ಮಡಕೆಯಾಗಲಿ, ನೆರೆಕರೆಯವರು ಮೊದಲು ಅವಳ ಕೈಗೆ ಕೊಟ್ಟು ಆಮೇಲೆ ದುಡ್ಡು ಬಿಚ್ಚುವುದು ರೂಢಿ. ಕಡಬದ ಕಡೆಯ ಗೌಡರ ಮನೆಯಲ್ಲಿ ಹುಟ್ಟಿ ಪುತ್ತೂರಿಗೆ ಮದುವೆಯಾಗಿ ಬಂದವಳು. ವಯಸ್ಸಿನ ಒಳ್ಳೆಯ ಭಾಗವೆಲ್ಲ ಗೇರುಬೀಜದ ಫ್ಯಾಕ್ಟರಿಯಲ್ಲಿ ತಿರುಳು ಆರಿಸುವುದರಲ್ಲೇ ಕಳೆಯಿತು. ಇಡಿಯದ್ದು ಒಂದು ಕಡೆ, ತುಂಡು ಒಂದು ಕಡೆ, ಹುಳ ಹೊಡೆದದ್ದು ಕೆಳಗೆ. ಫ್ಯಾಕ್ಟರಿ ಮುಚ್ಚಿದಾಗ ಆ ಶೆಡ್ಡನ್ನು ತಿರುಮಲೇಶ್ವರ ಭಟ್ಟರು ಹಿಡಿದರು. ಮೂರ್ತಿ ಮಾಡುವ ಕೆಲಸ ಶುರು ಮಾಡಿದರು. "ಶೆಡ್ಡಿನ ಒಟ್ಟಿಗೆ ಕಮಲಕ್ಕನನ್ನೂ ಬರೆಸಿಕೊಂಡಿದ್ದೇನೆ" ಎಂದು ಬಂದವರ ಹತ್ತಿರ ತಮಾಷೆ ಮಾಡುತ್ತಿದ್ದರು.

ದೇವಸ್ಥಾನಕ್ಕೆ ಹೋಗುವ ಮೂರ್ತಿಗಳಲ್ಲ ಅವು. ಯಕ್ಷಗಾನದ ಬಣ್ಣದ ವೇಷ, ಎಂದರೆ ರಾಕ್ಷಸ ಪಾತ್ರ, ಒಂದು ಕಾಲೆತ್ತಿ ಕುಣಿಯುವ ಭಂಗಿ. ಅಚ್ಚಿಗೆ ರೆಸಿನ್ ಹೊಯ್ದು ಎರಕ ತೆಗೆಯುವುದು. ಎತ್ತರ ಶಾಲೆಗೆ ಹೋಗುವ ಮಗುವಿನಷ್ಟು. ಕಿರೀಟವೇ ಅದರ ಅರ್ಧ ಭಾರ. ಅಷ್ಟೂ ಭಾರ ನಿಲ್ಲುವುದು ಊರಿದ ಒಂದೇ ಕಾಲಿನ ಮೇಲೆ, ಆ ಕಾಲಿನ ಒಳಗಿನ ಉಕ್ಕಿನ ಸರಳಿನ ಮೇಲೆ. ಒಂದು ಸಾಲಿನಲ್ಲಿ ಇಂತಿಷ್ಟೇ ಮಾಡುವುದು, ಆಮೇಲೆ ಅಚ್ಚು ಒಡೆದುಬಿಡುವುದು. ಬೇಕೆಂದರೂ ಮತ್ತೆ ಸಿಗದ ವಸ್ತುವಾದ್ದರಿಂದ ಸಂಗ್ರಹಿಸುವವರು ಬೆಂಗಳೂರಿನಿಂದ, ಮುಂಬೈಯಿಂದ, ಗಲ್ಫಿನಿಂದ ಹಣ ಕಳಿಸುತ್ತಿದ್ದರು.

ಕಮಲಾವತಿಯ ಕೆಲಸಕ್ಕೆ ಅಲ್ಲಿದ್ದ ಹೆಸರು 'ನಿಲ್ಲಿಸಿ ನೋಡುವುದು'. ಎರಕ ಬಿಡಿಸಿ ಬಣ್ಣ ಮುಗಿದ ಮೂರ್ತಿಯನ್ನು ಹಿಂದಿನ ಕೋಣೆಯ ಹಲಗೆಯ ಮೇಲೆ ನಿಲ್ಲಿಸಿ ಥಂಡಿಗೂ ಸೆಕೆಗೂ ಬಿಟ್ಟು, ದಿನ ಬೆಳಗ್ಗೆ ಹೋಗಿ ಕಾಲಿನ ಹರಡಿಗೆ, ಎಂದರೆ ಪಾದದ ಗಂಟಿಗೆ, ತಟ್ಟಿ ಕಿವಿ ಕೊಡುವುದು. ತಡೆದು ನಿಂತಿತೋ, ಸುಬ್ರಹ್ಮಣ್ಯ ದೇವರನ್ನು ನೆನೆದು ಅದರ ಹರಡಿಗೆ ಒಂದು ಕೆಂಪು ದಾರ ಕಟ್ಟುತ್ತಿದ್ದಳು. ಇಲ್ಲವೋ, ಸುತ್ತಿಗೆ ತೆಗೆದುಕೊಂಡು ತಾನೇ ಪುಡಿ ಮಾಡುತ್ತಿದ್ದಳು.

ಕಣ್ಣು ಬರೆಯುವುದು ದಾರ ಕಟ್ಟಿದ ಮೇಲೆಯೇ. ಅದು ತೀರ್ಥರಾಮನ ಕೆಲಸ. ಅವನು ಮೊದಲು ಯಕ್ಷಗಾನ ಮೇಳದ ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ವೇಷಧಾರಿಗಳಿಗೆ ಬಣ್ಣ ಹಚ್ಚಿಕೊಂಡಿದ್ದವನು. ಕಣ್ಣು ಬರೆಯುವ ದಿನ ಮಿಂದು ಬಂದು, ಗಣಪತಿಯ ಪಟಕ್ಕೆ ದೀಪ ಹಚ್ಚಿ, ಯಾರನ್ನೂ ಮಾತನಾಡಿಸದೆ ಕೂರುತ್ತಿದ್ದ. ಶೆಡ್ಡಿನ ಕಟ್ಟುಪಾಡು ಎಂದರೆ ಒಂದೇ: ಕಣ್ಣು ಬರೆದ ಮೇಲೆ ಅದಕ್ಕೆ ಕೈ ಮಾಡುವ ಹಾಗಿಲ್ಲ. ಹೊಡೆಯುವ ಹಾಗಿಲ್ಲ, ಒಡೆಯುವ ಹಾಗಿಲ್ಲ, ಮುಖ ಅಡಿ ಮಾಡಿ ಮಲಗಿಸುವ ಹಾಗಿಲ್ಲ. ಅದು ರಾಕ್ಷಸನೇ ಆಗಿರಲಿ, ನೋಡುವುದಕ್ಕೆ ಶುರು ಮಾಡಿತು ಎಂದ ಮೇಲೆ ಅದು ಬರೀ ಸಾಮಾನಲ್ಲ.

ರೇಟು ಏರತೊಡಗಿದ್ದು ಮೆಲ್ಲಗೆ. ಮೊದಲ ಸಾಲಿನ ಮೂರ್ತಿ ಕೊಂಡವನೊಬ್ಬ ಅದನ್ನು ದುಪ್ಪಟ್ಟಿಗೆ ಮಾರಿದ. ಆ ಸುದ್ದಿ ಕೊಳ್ಳುವವರ ಫೋನಿನ ಗ್ರೂಪುಗಳಲ್ಲಿ ಹರಿದಾಡಿ, ಮಾಡಿ ಮುಗಿಯುವ ಮೊದಲೇ ಹಣ ಬರತೊಡಗಿತು. ಹಣದ ಹಿಂದೆಯೇ ಅಂಬೇರ್ಪು ಬಂತು, ಎಲ್ಲದಕ್ಕೂ ಅವಸರ.

"ಕುರುಡು ಮೂರ್ತಿಯ ಫೋಟೊ ನೋಡಿ ಯಾರು ದುಡ್ಡು ಹಾಕ್ತಾರೆ ತೀರ್ಥರಾಮ?" ಎಂದರು ಭಟ್ಟರು ಒಂದು ದಿನ. "ಇನ್ನು ಮೊದಲು ಕಣ್ಣು ಬರೆ. ನಿಲ್ಲಿಸಿ ನೋಡುದೆಲ್ಲ ಆಮೇಲೆ."

"ಆಮೇಲೆ ಬಿರುಕು ಬಿಟ್ರೆ ಎಂತ ಮಾಡುದು ಭಟ್ರೆ?"

"ಬಿಡುದಿಲ್ಲ ಅಂತ ಹೇಳಿಕೊಂಡು ಬರೆ ಮಾರಾಯ. ನಿನ್ನ ಗಣಪತಿ ಇರುದು ಎಂತಕ್ಕೆ?"

ಎಲ್ಲರೂ ನಕ್ಕರು. ಕಮಲಾವತಿಯೂ ನಕ್ಕಳು. ತೀರ್ಥರಾಮ ಮಾತ್ರ ಕುಂಚ ತೊಳೆಯುವ ನೆಪದಲ್ಲಿ ಎದ್ದು ಹೋದ.

ಸರಳು ಬದಲಾದದ್ದು ಅದೇ ಹೊತ್ತಿಗೆ. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ. ತಲೆಯವರೆಗೆ ಹೋಗುತ್ತಿದ್ದ ತುಕ್ಕು ಹಿಡಿಯದ ಉಕ್ಕಿನ ಬದಲು ಸಾದಾ ಕಬ್ಬಿಣ, ಅದೂ ಮೊಣಕಾಲಿಗೇ ಮುಗಿಯುವಂಥದ್ದು. ಏನೋ ಸರಿಯಿಲ್ಲ ಎಂದು ಅವಳಿಗೆ ಗೊತ್ತಾದದ್ದು ಮಳೆಗಾಲದ ಆಟಿ ತಿಂಗಳ ಒಂದು ಬೆಳಗ್ಗೆ. ಹೊಸ ಸಾಲಿನ ಮೂರ್ತಿಯೊಂದರ ಹರಡಿಗೆ ತಟ್ಟಿದಾಗ ಅದು ಸೀಳಿದ ಮಡಕೆಯ ಹಾಗೆ ಸದ್ದು ಕೊಟ್ಟಿತು. ಕೂದಲೆಳೆಯಷ್ಟು ಬಿರುಕು. ಅವಳು ಎಂದಿನಂತೆ ಸುತ್ತಿಗೆ ತೆಗೆದುಕೊಂಡಳು. ಕೈ ಎತ್ತುವಾಗ ತಲೆಯೂ ಎದ್ದಿತು. ಕೆಂಪು ಬಳಿದ ಮುಖದ ನಡುವಿನಿಂದ ಎರಡು ಕಣ್ಣು ನೇರವಾಗಿ ಅವಳನ್ನೇ ನೋಡುತ್ತಿದ್ದವು.

ಕೈ ಕೆಳಗೆ ಬಂತು. ಸುತ್ತಿಗೆಯನ್ನು ಅದರ ಜಾಗದಲ್ಲಿಟ್ಟು, ಆ ಮೂರ್ತಿಯನ್ನು ಮೂಲೆಗೆ ಸರಿಸಿ, ಮುಖ ಗೋಡೆಗೆ ತಿರುಗಿಸಿ ನಿಲ್ಲಿಸಿದಳು. "ಇದನ್ನು ಕೊಡ್ಬೇಡಿ ಭಟ್ರೆ. ಇದು ನಿಲ್ಲುದಿಲ್ಲ" ಎಂದಳು.

"ಆಯ್ತು ಕಮಲಕ್ಕ, ನೋಡುವ."

ಒಂದು ಬೆಳಗ್ಗೆ ಬಂದು ನೋಡಿದರೆ ಮೂಲೆ ಖಾಲಿ. ಕೇಳಿದ್ದಕ್ಕೆ, "ಪುಟ್ಟಿ ಹಾಕಿ ಸರಿ ಮಾಡಿ ಕೊಟ್ಟದ್ದು. ಗಟ್ಟಿ ಉಂಟೀಗ" ಎಂದರು ಭಟ್ಟರು, ಫೋನಿನಿಂದ ಕಣ್ಣು ತೆಗೆಯದೆ. ಅವಳು ಮತ್ತೆ ಮಾತು ಬೆಳೆಸಲಿಲ್ಲ. ಒಡೆಯಲಾರದವಳು ಕೇಳುವುದಾದರೂ ಏನನ್ನು? ಆದರೆ ಅಂದಿನಿಂದ ಸಂಜೆ ದೀಪದ ಮುಂದೆ ಕೂತರೆ ದೇವರ ಪಟ ಕಾಣುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿದ ಒಂದು ಬೆನ್ನು ಕಾಣುತ್ತಿತ್ತು. ಆ ಬೆನ್ನು ಎಲ್ಲಿಗೆ ಹೋಯಿತು, ಯಾರ ಮನೆಯಲ್ಲಿ ತಿರುಗಿ ನಿಂತಿದೆ ಎಂದು ಯೋಚಿಸುತ್ತಿದ್ದಳು. ಯಾರನ್ನೂ ಕೇಳಲಿಲ್ಲ.

ಮಳೆಗಾಲ ಮುಗಿದು ತುಳಸಿ ಪೂಜೆಯೂ ಕಳೆದಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ, ಪ್ಯಾಕಿಂಗ್ ಮತ್ತು ಫೋಟೊ ಕೆಲಸದ ಫರ್ಝಾನಾ ಬುತ್ತಿ ಬಿಚ್ಚುತ್ತಾ ಫೋನು ತೋರಿಸಿದಳು.

"ಕಮಲಕ್ಕ, ನಿಮ್ಮ ರಾಕ್ಷಸ ಅಜ್ಜ ಆಗಿದ್ದಾನೆ, ಪುಳ್ಳಿಯನ್ನು ನೋಡಿ. ಗ್ರೂಪಿನಲ್ಲಿ ಹಾಕಿದ್ದಾರೆ. ಸುಳ್ಯದವರಂತೆ."

ಚಂದದ ಫೋಟೊ. ಹೊಸ ಮನೆಯ ಚಾವಡಿ, ಹೊಳೆಯುವ ಟೈಲ್ಸು. ಆಗಷ್ಟೇ ಎದ್ದು ನಿಲ್ಲಲು ಕಲಿಯುವ ಹೆಣ್ಣು ಮಗು ಮೂರ್ತಿಯ ಎತ್ತಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಜೋತು ನಿಂತು ನಗುತ್ತಿದೆ. ಕಮಲಾವತಿ ಮಗುವನ್ನು ನೋಡಿ ನಕ್ಕಳು. ಆಮೇಲೆ ಊರಿದ ಕಾಲು ನೋಡಿದಳು. ಹರಡಿಯಲ್ಲಿ ಕೆಂಪು ದಾರ ಇತ್ತು. ಅವಳು ಒಂದೇ ಸುತ್ತು ಹಾಕಿ ಗಂಟು ಬಿಗಿಯುವವಳು. ಇಲ್ಲಿ ದಾರವನ್ನು ಪಟ್ಟಿಯ ಹಾಗೆ ಒತ್ತೊತ್ತಾಗಿ ಸುತ್ತಿ ಹೂವಿನ ಗಂಟು ಹಾಕಿದ್ದರು.

"ಇದನ್ನು ಯಾರು ಕಟ್ಟಿದ್ದು ಮಾರಾಯ್ತಿ?"

ಫರ್ಝಾನಾಳ ಕೈ ಬುತ್ತಿಯಲ್ಲೇ ನಿಂತಿತು. "ನಾನು. ಭಟ್ರು ಹೇಳಿದ್ದು. ದಾರ ಇಲ್ಲದಿದ್ರೆ ತೆಗೊಳ್ಳುದಿಲ್ಲ ಈಗ, ನಿಮ್ಮ ದಾರಕ್ಕೇ ರೇಟು ಅಂತೆ. ಆ ಬಿರುಕೂ ಮುಚ್ಚಿತಲ್ಲ ಅಂದ್ರು." ಅವಳ ಸ್ವರ ಇಳಿಯಿತು. "ಎಂತ ಕಮಲಕ್ಕ? ಹಾಗೆ ಯಾಕೆ ನೋಡ್ತೀರಿ?"

ಕಮಲಾವತಿ ಅನ್ನಕ್ಕೆ ಕೈ ಹಾಕಿದ್ದಳು. ಹಾಗೆಯೇ ಎದ್ದು ಕೈ ತೊಳೆದು, ಫರ್ಝಾನಾಳಿಂದ ಮನೆ ಎಲ್ಲಿ ಎಂದು ತಿಳಿದುಕೊಂಡು, ಭಟ್ಟರಿಗೆ ಹೇಳದೆ ಸುಳ್ಯದ ಬಸ್ಸು ಹತ್ತಿದಳು. ಜಾಲ್ಸೂರಿನಲ್ಲಿ ಡ್ರೈವರ ಕಾಸರಗೋಡಿನ ಬಸ್ಸಿಗೆ ಕಾಯುತ್ತಾ ಚಾ ಕುಡಿಯಲು ಇಳಿದಾಗ ಅವಳಿಗೆ ಆ ಸೀಟಿನಲ್ಲಿ ಕೂರಲಾಗಲಿಲ್ಲ. ಕಂಬ ಹಿಡಿದು ನಿಂತೇ ಇದ್ದಳು.

ಬಾಗಿಲು ತೆರೆದವಳು ಮನೆಯ ಹೆಂಗಸು ಸುರಕ್ಷಾ. ಪುತ್ತೂರಿನಿಂದ, ಮೂರ್ತಿಯ ಶೆಡ್ಡಿನಿಂದ ಎಂದೊಡನೆ ಒಳಗಿನಿಂದ ಅವಳ ಗಂಡ ಹರ್ಷಿತ್ ಸಂಭ್ರಮದಲ್ಲಿ ಬಂದ. ಕೃಷಿ ಯಂತ್ರಗಳ ಅಂಗಡಿ ಅವನದು.

"ದಾರ ಕಟ್ಟುವ ಕಮಲಕ್ಕ ನೀವೇನಾ? ಗ್ರೂಪಿನಲ್ಲಿ ನಿಮ್ಮ ಹೆಸರೇ ಹೆಸರು. ಕೂತ್ಕೊಳ್ಳಿ. ಸುರಕ್ಷಾ, ಬೆಲ್ಲ ನೀರು ಕೊಡು. ನೀವು ಕಡಬದ ಕಡೆಯವರಂತೆ, ಅಲ್ಲಿ ಯಾವ ಮನೆ?"

ಕಮಲಾವತಿ ಕೂರಲಿಲ್ಲ. ಮೂರ್ತಿ ಚಾವಡಿಯ ನಡು ಗೋಡೆಗೆ ತಾಗಿದಂತೆ ನಿಂತಿತ್ತು. ಅದರ ಬುಡದಲ್ಲಿ ಮಗು ತೃಷಾ ಪ್ಲಾಸ್ಟಿಕ್ ಲೋಟಗಳನ್ನು ಹರಡಿಕೊಂಡು ಕೂತಿತ್ತು.

"ಒಂದ್ಸಲ ಇದನ್ನು ಕೆಳಗೆ ಮಲಗಿಸುವ. ಕಾಲಿನಲ್ಲಿ ಬಿರುಕು ಉಂಟು."

"ಬಿರುಕಾ? ನಿಮ್ಮದೇ ದಾರ ಉಂಟಲ್ಲ."

"ಅದು ನಾನು ಕಟ್ಟಿದ್ದಲ್ಲ."

ಹರ್ಷಿತನ ನಗು ಮುಖದಲ್ಲೇ ಸಿಕ್ಕಿಬಿತ್ತು. "ಹಾಗೆ ಹೊರಗೆ ಹೇಳ್ಬೇಡಿ ಮಾರಾಯ್ರೆ. ನಾನು ಕೊಟ್ಟದ್ದಕ್ಕಿಂತ ಈಗ ಎಷ್ಟೋ ಮೇಲೆ ಹೋಗಿದೆ ಇದು. ದಾರ ನಿಮ್ಮದಲ್ಲ ಅಂತ ಗೊತ್ತಾದ್ರೆ ಮುಗೀತು."

ಅವಳು ಬಗ್ಗಿ, ಮಗುವನ್ನು ಒಂದು ಕೈಯಲ್ಲಿ ಆಚೆ ಸರಿಸಿ, ಹೂವಿನ ಗಂಟು ಎಳೆದಳು. ದಾರ ಸುರುಳಿ ಸುರುಳಿಯಾಗಿ ಬಿಚ್ಚಿ ಬಂತು. ಅಡಿಯಲ್ಲಿ ಕೂದಲೆಳೆಯಂತಿದ್ದದ್ದು ಈಗ ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ಒಳಗಿನಿಂದ ತುಕ್ಕಿನ ನೀರು ಒಸರಿ, ಬಿಳಿ ಟೈಲ್ಸಿನವರೆಗೆ ಎಲೆಯಡಿಕೆ ಉಗುಳಿದ ಹಾಗೆ ಇಳಿದಿತ್ತು.

"ನಾನು ದಿನಾ ಒರೆಸುದು ಅದನ್ನು" ಎಂದಳು ಸುರಕ್ಷಾ ಸಣ್ಣ ಸ್ವರದಲ್ಲಿ. "ಬಣ್ಣ ಬಿಡ್ತಾ ಉಂಟು ಅಂತ ತಿಳ್ಕೊಂಡಿದ್ದೆ."

ಹರ್ಷಿತ್ ಆಗಲೇ ಭಟ್ಟರಿಗೆ ಫೋನು ಹಚ್ಚಿದ್ದ. ಸ್ಪೀಕರಿನಿಂದ ಅವರ ಸ್ವರ ಚಾವಡಿಗೆಲ್ಲ ಕೇಳಿತು. "ಏ ಅದನ್ನು ಮುಟ್ಟುದು ಬೇಡ! ನಾಳೆ ಜನ ಕಳಿಸ್ತೇನೆ, ತುಂಬಿಸಿ ಕೊಡ್ತಾರೆ. ದಾರ ಹಾಗೇ ಸುತ್ತಿ ಇಡಿ. ಕಮಲಕ್ಕ, ನಿಮಗೆ ಎಂತ ಆಗಿದೆ? ಸುಮ್ಮನೆ ಪೊಕ್ಕಡೆ ಜನರನ್ನು ಹೆದರಿಸುದಾ?"

"ನಾಳೆಯವರೆಗೆ ಎಂತ ಆಗುದಿಲ್ಲ ಅಲ್ವಾ?" ಎಂದು ಹರ್ಷಿತ್ ಕೇಳಿದ. ಭಟ್ಟರನ್ನೋ ಕಮಲಾವತಿಯನ್ನೋ ಅವನಿಗೇ ಗೊತ್ತಿರಲಿಲ್ಲ.

ಮಗು ಮತ್ತೆ ತೆವಳಿಕೊಂಡು ಬಂದಿತ್ತು. ಲೋಟವನ್ನು ಬಿಟ್ಟು ಎತ್ತಿದ ಕಾಲಿನ ಕಡೆಗೆ ಕೈ ಚಾಚಿತು.

"ಮಗುವನ್ನು ಎತ್ತಿ" ಎಂದಳು ಕಮಲಾವತಿ. ಗದರಿದಳೋ ಬೇಡಿದಳೋ, ಸುರಕ್ಷಾ ಒಂದೇ ನೆಗೆತಕ್ಕೆ ಮಗುವನ್ನು ಬಾಚಿಕೊಂಡು ಜಗಲಿಗೆ ಹೋದಳು.

ಮಲಗಿಸಿಟ್ಟರೂ ನಾಳೆ ಮತ್ತೆ ಪುಟ್ಟಿ ಹಾಕಿ, ದಾರ ಸುತ್ತಿ ಇದನ್ನೇ ನಿಲ್ಲಿಸುತ್ತಾರೆ. ಕಮಲಾವತಿ ನೆಟ್ಟಗೆ ನಿಂತು ತಲೆ ಎತ್ತಿದಳು. ಆ ಕಣ್ಣುಗಳು ಇದ್ದಲ್ಲೇ ಇದ್ದವು. ತೀರ್ಥರಾಮನ ಕೈ ಕೆಟ್ಟ ಕೈಯಲ್ಲ. ಆಟಿಯ ಆ ಬೆಳಗ್ಗೆ ಹೇಗೆ ನೋಡಿದ್ದವೋ ಈಗಲೂ ಹಾಗೆಯೇ ನೋಡುತ್ತಿದ್ದವು. ಸೆರಗಿನಿಂದ ಮುಚ್ಚಲೇ ಎಂದು ಒಂದು ಗಳಿಗೆ ಅನಿಸಿತು. ಮುಚ್ಚಿದರೆ ಕಳ್ಳತನ ಮಾಡಿದ ಹಾಗಾಗುತ್ತದೆ ಎಂದುಕೊಂಡು ಬಿಟ್ಟಳು. "ಸ್ವಾಮಿ, ಇದರ ಪಾಪ ಏನಿದ್ದರೂ ನನಗೆ ಬರಲಿ" ಎಂದು ಒಳಗೇ ಹೇಳಿ, ಅದರ ಎದೆಗೆ ಅಂಗೈ ಇಟ್ಟು ಬದಿಗೆ ನೂಕಿದಳು.

ಬಾಗಿಲು ಸರಿಸುವಷ್ಟು ಬಲವೂ ಬೇಕಾಗಲಿಲ್ಲ. ಕಾಲು ಹರಡಿಯಲ್ಲಿ ಕಬ್ಬಿನ ಹಾಗೆ ಮುರಿಯಿತು. ಕಿರೀಟ ಮೊದಲು ಬಿತ್ತು. ಟೈಲ್ಸು ಸೀಳಿ, ಪ್ಲಾಸ್ಟಿಕ್ ಲೋಟಗಳು ಅದರ ಅಡಿಯಲ್ಲಿ ಚಪ್ಪಟೆಯಾದವು. ಶಬ್ದಕ್ಕೆ ಜಗಲಿಯಲ್ಲಿ ಮಗು ಬೊಬ್ಬೆ ಹಾಕಿತು.

ಹರ್ಷಿತ್ ಬೈಯಲು ಬಾಯಿ ತೆರೆದವನು ಆ ಲೋಟಗಳನ್ನು ಕಂಡು ಅಲ್ಲೇ ಕುಕ್ಕರಿಸಿದ. ಮುರಿದ ಕಾಲಿನಿಂದ ಮೊಣಕಾಲಿನವರೆಗೆ ಮಾತ್ರ ಬರುವಷ್ಟು ಉದ್ದದ ಸರಳು ಹೊರಗೆ ಬಂದಿತ್ತು. ಅವನು ಮುಟ್ಟಿದಲ್ಲಿ ಅದು ಪದರ ಪದರವಾಗಿ ಉದುರಿತು.

"ಎಂತ ಶಬ್ದ ಅದು? ಕಮಲಕ್ಕ, ಎಂತ ಮಾಡಿದ್ರಿ ನೀವು?" ಫೋನು ಇನ್ನೂ ತೆರೆದೇ ಇತ್ತು.

ಅವಳು ಅದರ ಹತ್ತಿರ ಬಗ್ಗಿದಳು. "ಭಟ್ರೆ, ಇದೇ ಸರಳು ಹಾಕಿದ್ದು ಬೇರೆ ಎಷ್ಟು ಉಂಟು?"

"ಆ ಸಾಲು ಪೂರ್ತಿ."

"ಯಾರ ಯಾರ ಮನೆಯಲ್ಲಿ?"

"ನನಗೆ ಹೇಗೆ ಗೊತ್ತಾಗುದು? ರೇಟು ಏರ್ತಾ ಇತ್ತಲ್ಲ. ತೆಗೊಂಡವರು ಮಾರಿದ್ರು, ಅವರು ಇನ್ನೊಬ್ಬರಿಗೆ ಮಾರಿದ್ರು. ಕೆಲವು ಕಡಲು ದಾಟಿ ಹೋಗಿದೆ." ಅವರ ಸ್ವರದಲ್ಲಿದ್ದ ಗದರಿಕೆ ಈಗ ಇರಲಿಲ್ಲ. "ದೇವರೇ ಕಾಯ್ಬೇಕು ಕಮಲಕ್ಕ."

"ನಾವು ಮಾಡಿದ್ದು ಭಟ್ರೆ" ಎಂದಳು ಅವಳು. ಫೋನು ಕಡಿದು ಹೋಯಿತು.

ಹರ್ಷಿತ್ ಅವಳು ಹೇಳಿದಂತೆ ಮುರಿದ ಕಾಲಿನ ಫೋಟೊ ತೆಗೆದ, ತುಕ್ಕು ಹಿಡಿದ ಸರಳಿನದ್ದೂ ಒಂದು. 'ಈ ಸಾಲಿನದ್ದು ಯಾರಲ್ಲಿ ಉಂಟೋ ಇವತ್ತೇ ಕೆಳಗೆ ಮಲಗಿಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ' ಎಂದು ಬರೆದು ಗ್ರೂಪಿಗೆ ಹಾಕಿದ. ಇಬ್ಬರೂ ಕಾದರು. ಸುರಕ್ಷಾ ಬಾಗಿಲಿಗೆ ಬಂದು ನಿಂತಳು. ಮಗು ಕೆಳಗಿಳಿಯಲು ಕೊಸರಾಡುತ್ತಿದ್ದರೂ ಇಳಿಸಲಿಲ್ಲ.

ಫೋನು ಟುಂಯ್ ಎಂದಿತು. ಮತ್ತೆ ಟುಂಯ್. ಮತ್ತೆ.

"ಎಂತ ಬರೆದಿದ್ದಾರೆ?" ಎಂದಳು ಕಮಲಾವತಿ.

ಹರ್ಷಿತ್ ಓದಿದ. "'ಅಯ್ಯೋ ಪಾಪ, ನಷ್ಟ ಆಯ್ತಲ್ಲ' ಅಂತ ಒಬ್ಬರು. 'ಹಾಗಾದ್ರೆ ಒಂದು ಕಡಿಮೆ ಆಯ್ತು, ಉಳಿದದ್ದರ ರೇಟು ಇನ್ನೂ ಏರ್ತದೆ' ಅಂತ ಇನ್ನೊಬ್ಬರು. ಅದಕ್ಕೆ ಮತ್ತೊಬ್ಬರು, 'ಯಾರಾದರೂ ಕೊಡುದಿದ್ರೆ ನನಗೆ ಬೇಕು' ಅಂತ."

"ಮಲಗಿಸ್ತೇವೆ ಅಂತ ಯಾರಾದರೂ ಬರೆದಿದ್ದಾರಾ?"

ಅವನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದ. ಅವಳು ಅವನ ಮುಖವನ್ನೇ ನೋಡುತ್ತಾ ನಿಂತಳು.

"ಇಲ್ಲ" ಎಂದ.